ಊರು ನಮ್ಮದು, ಮಾತು ಯಾರದು?

ಶಿವಮೊಗ್ಗ: ಆಗುಂಬೆಗೆ ರೈಲಿಲ್ಲ. ಈ ಜಿಲ್ಲೆಯಲ್ಲಿ ಬಸ್ಸು ಹತ್ತುವ ಪ್ರತಿಯೊಬ್ಬರಿಗೂ ಇದು ಗೊತ್ತು. ಆದರೂ ದೇಶದ ಲಕ್ಷಾಂತರ ಮಂದಿ ರೈಲಿನಿಂದ ಇಳಿದವರು ಸೀದಾ ಆಗುಂಬೆ ಬೀದಿಗೆ ನಡೆದು ಬರುವುದನ್ನು ಕಣ್ಣಾರೆ ಕಂಡಿದ್ದಾರೆ! ರೈಲು ನಿಂತದ್ದು ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣದಲ್ಲಿ. ಬೀದಿ ಇದ್ದದ್ದು ತೀರ್ಥಹಳ್ಳಿಯಾಚೆಯ ಆಗುಂಬೆಯಲ್ಲಿ. ನಡುವೆ ಬಸ್ಸು ಬದಲಿಸಿಕೊಂಡು ಹೋಗಬೇಕಾದ ದಾರಿ. ಟಿ.ವಿ.ಯಲ್ಲಿ ಮಾತ್ರ ಎರಡೂ ಒಂದೇ ಊರು. ಹೆಸರು ಮಾಲ್ಗುಡಿ.

ಶಂಕರ್ ನಾಗ್ 1986ರಲ್ಲಿ ದೂರದರ್ಶನಕ್ಕಾಗಿ ಆರ್.ಕೆ. ನಾರಾಯಣ್ ಅವರ ಕಥೆಗಳನ್ನು 'ಮಾಲ್ಗುಡಿ ಡೇಸ್' ಹೆಸರಿನಲ್ಲಿ ಧಾರಾವಾಹಿ ಮಾಡಿದರು. ಮೊದಲು ಬಂದದ್ದು 39 ಕಂತು. ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 2006ರಲ್ಲಿ, ಕವಿತಾ ಲಂಕೇಶ್ ಇನ್ನೂ 15 ಕಂತು ಮಾಡಿದರು. ಇವತ್ತಿಗೂ ಹೊರ ರಾಜ್ಯದ ಗಾಡಿಗಳು ಆಗುಂಬೆಯಲ್ಲಿ ನಿಂತು ಸ್ವಾಮಿಯ ಮನೆ ಎಲ್ಲಿ ಎಂದು ಕೇಳುತ್ತವೆ. ಅಲ್ಲಿಯ ದೊಡ್ಡಮನೆಯೇ ಸ್ವಾಮಿಯ ಮನೆ. ಅರಸಾಳಿನ ಹಳೇ ನಿಲ್ದಾಣದ ಕಟ್ಟಡವನ್ನು ರೈಲ್ವೆಯವರು ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಎಂದು ತೆರೆದರು. ಇಲ್ಲದ ಊರಿಗೊಂದು ಮ್ಯೂಸಿಯಂ! ಇದು ಜಿಲ್ಲೆಗೆ ಹೆಮ್ಮೆಯ ವಿಷಯವೇ, ತಕರಾರಿಲ್ಲ.

ಆದರೆ ಒಂದು ಪ್ರಶ್ನೆ ಉಳಿಯುತ್ತೆ. ಆ ಧಾರಾವಾಹಿಯಲ್ಲಿ ಕಂಡದ್ದು ನಮ್ಮ ಊರು, ಸರಿ. ಕೇಳಿದ್ದು ಯಾರ ಮಾತು?

ಕಲಸಿದ ಊರು

ಲೆಕ್ಕ ಹಾಕಿ ನೋಡಿ. ನಾರಾಯಣ್ ಹುಟ್ಟಿದ್ದು 1906ರಲ್ಲಿ ಮದರಾಸಿನಲ್ಲಿ. ಮನೆಮಾತು ತಮಿಳು, ಬಾಳಿದ್ದು ಹೆಚ್ಚಾಗಿ ಮೈಸೂರಿನಲ್ಲಿ, ಬರೆದದ್ದು ಇಂಗ್ಲಿಷಿನಲ್ಲಿ. 1935ರಲ್ಲಿ ಪ್ರಕಟವಾದ 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿಯಲ್ಲಿ ಮಾಲ್ಗುಡಿ ಹುಟ್ಟಿತು. ಅಲ್ಲಿ ಸರಯೂ ನದಿ ಇದೆ, ಆಲ್ಬರ್ಟ್ ಮಿಷನ್ ಶಾಲೆ ಇದೆ, ಸುಡುವ ಬಿಸಿಲಿದೆ. ಶಂಕರ್ ನಾಗ್ ಹೊನ್ನಾವರ ಸೀಮೆಯವರು, ಮನೆಮಾತು ಕೊಂಕಣಿ. ಅವರು ಆ ಬಿಸಿಲಿನ ಪಟ್ಟಣವನ್ನು ತಂದಿಳಿಸಿದ್ದು ವರ್ಷಕ್ಕೆ 7000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಮಲೆನಾಡಿನ ತುದಿಗೆ. ನಟರು ಬಹುಪಾಲು ಕನ್ನಡದವರು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಮಿಠಾಯಿ ಅಂಗಡಿಯ ಜಗನ್ ಆಗಿ ಅನಂತನಾಗ್. ವಿಷ್ಣುವರ್ಧನ್ ಕೂಡ ಒಂದು ಕಂತಿನಲ್ಲಿ ಗುಮಾಸ್ತನಾಗಿ ಬಂದು ಹೋದರು.

ಇಷ್ಟು ಜನ ಕನ್ನಡಿಗರು ಕನ್ನಡದ ನೆಲದಲ್ಲಿ ನಿಂತು ಆಡಿದ್ದು ಹಿಂದಿ! ಮೊದಲ 13 ಕಂತುಗಳು ಹಿಂದಿ, ಇಂಗ್ಲಿಷ್ ಎರಡರಲ್ಲೂ ತಯಾರಾದವು. ಉಳಿದವು ಹಿಂದಿ ಮಾತ್ರ. ಅಂದು ಕನ್ನಡದಲ್ಲಿ ತಯಾರಾಗಲಿಲ್ಲ.

ಇದರಲ್ಲಿ ಯಾರ ಪಿತೂರಿಯೂ ಇಲ್ಲ. 1982ರ ಆಗಸ್ಟ್ 15ರಂದು ದೂರದರ್ಶನದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. 1984ರಲ್ಲಿ 'ಹಮ್ ಲೋಗ್' ಬಂತು, 1987ರಲ್ಲಿ 'ರಾಮಾಯಣ' ಬಂತು. ದೇಶಕ್ಕೆಲ್ಲ ಒಂದೇ ಹೊತ್ತಿಗೆ ಒಂದೇ ಧಾರಾವಾಹಿ ತೋರಿಸಬೇಕು ಅಂದ್ರೆ ಅದು ಹಿಂದಿಯಲ್ಲಿರಬೇಕು. ಜಾಹೀರಾತು ಕೊಡುವವನ ಲೆಕ್ಕವೂ ಅದೇ. ಆ ಬಾಗಿಲಲ್ಲಿ ಕನ್ನಡಿಗ ಒಳಗೆ ಹೋಗಬಹುದಿತ್ತು, ಕನ್ನಡವನ್ನು ಮೆಟ್ಟಿಲ ಮೇಲೆ ಬಿಟ್ಟು.

ಶಂಕರ್ ನಾಗ್ ಮಾಡಿದ್ದೇನು?

ಇಲ್ಲಿ ಶಂಕರ್ ನಾಗ್ ಅವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಲೇಬೇಕು. ಅವರಿಗೂ ಮುಂಚೆ ಇದೇ ಮಾಲ್ಗುಡಿಗೆ ಏನಾಗಿತ್ತು ಗೊತ್ತೆ? ನಾರಾಯಣ್ ಅವರ 'ದಿ ಗೈಡ್' ಕಾದಂಬರಿಯನ್ನು ದೇವಾನಂದ್ 1965ರಲ್ಲಿ ಸಿನಿಮಾ ಮಾಡಿದರು. ಚಿತ್ರದವರು ಮೊದಲು ಲೇಖಕರ ಜೊತೆಯಲ್ಲೇ ಮೈಸೂರು ಸೀಮೆಯ ಜಾಗಗಳನ್ನು ನೋಡಿಕೊಂಡು ಹೋದರು. ಆಮೇಲೆ ಕ್ಯಾಮೆರಾ ಇಟ್ಟದ್ದು ರಾಜಸ್ಥಾನದಲ್ಲಿ! ದಕ್ಷಿಣದ ಸಣ್ಣ ಪಟ್ಟಣ ಹೋಗಿ ಅರಮನೆ, ಕೋಟೆಗಳ ಊರಾಯಿತು. ಬಣ್ಣದ ಚಿತ್ರಕ್ಕೆ ಬಣ್ಣದ ಊರೇ ಬೇಕಲ್ಲ! ನಾರಾಯಣ್ ನೊಂದುಕೊಂಡು, ತಮ್ಮ ಮಾಮೂಲು ನಗೆಯಲ್ಲೇ, ಅದರ ಬಗ್ಗೆ ಒಂದು ಲೇಖನವನ್ನೇ ಬರೆದರು.

ಆ ಕಾಲದ ಹಿಂದಿ ತೆರೆಯಲ್ಲಿ ದಕ್ಷಿಣದವನು ಅಂದ್ರೆ ಒಂದೇ ಅಚ್ಚು. ಹಣೆಗೆ ಪಟ್ಟೆ, ತಲೆಗೆ ಜುಟ್ಟು, ಬಾಯಲ್ಲಿ 'ಅಯ್ಯಯ್ಯೋ'. 1968ರ 'ಪಡೋಸನ್' ಚಿತ್ರದಲ್ಲಿ ಮೆಹಮೂದ್ ಮಾಡಿದ ಮದರಾಸಿ ಸಂಗೀತ ಮೇಷ್ಟ್ರನ್ನು ನೆನೆದರೆ ಸಾಕು. ಅವನು ತಮಿಳನೋ, ತೆಲುಗನೋ, ಕನ್ನಡಿಗನೋ ಕೇಳುವವರಿಲ್ಲ. ವಿಂಧ್ಯದಿಂದ ಕೆಳಗೆ ಎಲ್ಲರೂ ಮದರಾಸಿಗಳೇ.

ಶಂಕರ್ ನಾಗ್ ಈ ಅಚ್ಚನ್ನು ಮುರಿದರು. ಹೇಗೆ? ಭಾಷಣ ಮಾಡಿ ಅಲ್ಲ, ಕಸುಬಿನಿಂದ. ಪಾತ್ರಗಳಿಗೆ ನಗೆಪಾಟಲಿನ ಹಿಂದಿ ಕೊಡಲಿಲ್ಲ. ಜಗಲಿ, ಹೆಂಚಿನ ಮಾಡು, ಮರದ ಕಂಬ, ಪಂಚೆ, ಕೋಟು ಯಾವುದನ್ನೂ ಎತ್ತಿ ತೋರಿಸದೆ ಇದ್ದ ಹಾಗೇ ಇರಲು ಬಿಟ್ಟರು. ಕಲಾ ನಿರ್ದೇಶಕ ಜಾನ್ ದೇವರಾಜ್ ಇದ್ದ ಬೀದಿಗೆ ಹಳೇ ಕಾಲದ ವೇಷ ತೊಡಿಸಿದರು. ಶುರುವಿನಲ್ಲಿ ಆರ್.ಕೆ. ಲಕ್ಷ್ಮಣ್ ಅವರ ಗೆರೆ ಚಿತ್ರಗಳು, ಹಿಂದೆ ಎಲ್. ವೈದ್ಯನಾಥನ್ ಅವರ ರಾಗ. ಆ ರಾಗಕ್ಕೆ ಪದವೇ ಇಲ್ಲ, ಬರೀ ಗುನುಗು. ಪದವಿಲ್ಲದ್ದರಿಂದಲೇ ಅದು ಯಾವ ಭಾಷೆಯದೂ ಅಲ್ಲ, ಎಲ್ಲರದೂ ಹೌದು. ಲಕ್ನೋದ ಹುಡುಗನೂ ಸ್ವಾಮಿಯನ್ನು ತನ್ನ ಓರಗೆಯವ ಅಂದುಕೊಂಡ. ಮದರಾಸಿ ಅಂತ ನಗಲಿಲ್ಲ.

ಅಂದರೆ, ಅಂದು ಒಂದು ವ್ಯಾಪಾರ ಕುದುರಿತು. ಮರ್ಯಾದೆ ಸಿಕ್ಕಿತು, ಮಾತು ಹೋಯಿತು. ಅಂದಿನ ಸ್ಥಿತಿಯಲ್ಲಿ ಅದು ನಷ್ಟದ ವ್ಯಾಪಾರವೇನಲ್ಲ.

ಯಾರ ಮಲೆನಾಡು?

ಇನ್ನೊಂದು ಮಾತೂ ಇದೆ. ನಾರಾಯಣ್ ಬರೆದದ್ದು ವಕೀಲರು, ಮೇಷ್ಟ್ರುಗಳು, ಗುಮಾಸ್ತರು, ಅಂಗಡಿಯವರು ಇರುವ ಪಟ್ಟಣದ ಬೀದಿಗಳನ್ನು. ಅದು ಅವರ ಲೋಕ, ತಪ್ಪೇನಿಲ್ಲ. ಆದರೆ ಆ ಲೋಕ ಬಂದು ಆಗುಂಬೆಯ ಮೇಲೆ ಕೂತಾಗ, ಹೊರಗಿನವರಿಗೆ ಮಲೆನಾಡು ಅಂದ್ರೆ ಕಂಬದ ತೊಟ್ಟಿಮನೆ, ಜಗಲಿ ಮೇಲೆ ಅಜ್ಜಿ, ಅಷ್ಟೇ ಎಂದಾಯಿತು.

ಆಗುಂಬೆ ಇರುವ ತೀರ್ಥಹಳ್ಳಿ ತಾಲ್ಲೂಕಿನಲ್ಲೇ ಕುಪ್ಪಳ್ಳಿ ಇದೆ. ಅಲ್ಲಿಯ ಕುವೆಂಪು 1967ರಲ್ಲಿ 'ಮಲೆಗಳಲ್ಲಿ ಮದುಮಗಳು' ಕೊಟ್ಟರು. ಅದರಲ್ಲಿ ಗೌಡರಿದ್ದಾರೆ, ಆಳುಗಳಿದ್ದಾರೆ, ಹೊಲೆಯರಿದ್ದಾರೆ, ಘಟ್ಟದ ಕೆಳಗಿನಿಂದ ಬಂದವರಿದ್ದಾರೆ, ಜಿಗಣೆ, ಕೆಸರು, ಜ್ವರ ಎಲ್ಲಾ ಇದೆ. ಒಂದೇ ತಾಲ್ಲೂಕು, ಎರಡು ಮಲೆನಾಡು. ಈ ಜಿಲ್ಲೆಯ ದೀವರು, ಒಕ್ಕಲಿಗರು, ತೋಟದ ಕೂಲಿಗಳು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಮನೆ ಮುಳುಗಿ ಎದ್ದು ಬಂದವರು, ಇವರ ಮುಖವೂ ಮಲೆನಾಡಿನ ಮುಖವೇ. ದೇಶ ಕಂಡದ್ದು ಮೊದಲನೆಯ ಮಲೆನಾಡನ್ನು.

ಮನೆಯ ಟಿ.ವಿ.ಯ ಕಥೆ

ಹಿಂದಿಯವರನ್ನು ಅಂದು ಏನು ಪ್ರಯೋಜನ? ಈಗ ಕನ್ನಡದಲ್ಲೇ ಎಷ್ಟೊಂದು ಚಾನೆಲ್ಲುಗಳಿವೆ. ಸಂಜೆ ಅಂಗಡಿ ಬಾಗಿಲು ಹಾಕಿ ಮನೆಗೆ ಹೋಗುವ ಹೊತ್ತಿಗೆ ಒಂದರ ಹಿಂದೊಂದು ಧಾರಾವಾಹಿ. ಅಲ್ಲಾದರೂ ನಮ್ಮ ಮಾತು ಕೇಳುತ್ತದೆಯೆ?

ಕೇಳುತ್ತದೆ. ಆದರೆ ಯಾರ ಬಾಯಲ್ಲಿ? ಕಥಾನಾಯಕ 'ಏನ್ ಮಾಡ್ತಿದೀರಾ' ಅನ್ನುತ್ತಾನೆ. ಅದು ಬೆಂಗಳೂರು ಮೈಸೂರಿನ ಮಾತು. 'ಏನ್ ಮಾಡಾಕತ್ತೀರಿ' ಅನ್ನುವವನು ಹೆಚ್ಚಾಗಿ ಮನೆಯ ಅಡುಗೆ ಭಟ್ಟ, ಇಲ್ಲವೆ ಕಾವಲುಗಾರ. 'ಎಂತ ಮಾರಾಯ್ರೆ' ಅನ್ನುವವನು ಹೋಟೆಲ್ ಮಾಣಿ, ಅದೂ ನಗಿಸಲಿಕ್ಕೆ. ಅವನು ಬಾಯಿ ತೆರೆದ ಕೂಡಲೇ ಹಿಂದೆ 'ಟೊಂಯ್' ಅಂತ ಒಂದು ಶಬ್ದ ಬರುತ್ತೆ. ಇಲ್ಲಿ ನಗಬೇಕು ಅಂತ ನೋಡುವವನಿಗೆ ಸೂಚನೆ. ಧಾರವಾಡದವನು ಅಳುವ ದೃಶ್ಯ, ಕುಂದಾಪುರದವಳು ಪ್ರೀತಿಸುವ ದೃಶ್ಯ ತೀರಾ ಕಡಿಮೆ. ಅಳುವುದಕ್ಕೂ ಪ್ರೀತಿಸುವುದಕ್ಕೂ ಬೆಂಗಳೂರಿನ ಕನ್ನಡವೇ ಆಗಬೇಕು. ಹಿಂದಿಯವರು ಮದರಾಸಿಗೆ ಏನು ಮಾಡಿದರೋ ಅದನ್ನೇ ನಾವು ನಮ್ಮವರಿಗೆ ಮಾಡುತ್ತಿದ್ದೇವೆ, ಅಷ್ಟೇ.

ರೀಮೇಕಿನ ಕಥೆ ಬೇರೆ. 2008ರಲ್ಲಿ ಬಂದ ಹಿಂದಿಯ 'ಬಾಲಿಕಾ ವಧು' ರಾಜಸ್ಥಾನದ ಹಳ್ಳಿಯ ಕಥೆ. ಅಲ್ಲಿಯವರ ಉಡುಪು, ಅಲ್ಲಿಯ ಮಾತಿನ ಒಗ್ಗರಣೆ ಬಿದ್ದ ಹಿಂದಿ. 2012ರಲ್ಲಿ ಅದು ಕನ್ನಡಕ್ಕೆ 'ಪುಟ್ಟಗೌರಿ ಮದುವೆ'ಯಾಗಿ ಬಂತು. ಜನ ಮುಗಿಬಿದ್ದು ನೋಡಿದರು. ಹೀಗೆ ಬರುವ ಕಥೆಗಳಲ್ಲಿ ಲಂಗ ಹೋಗಿ ಸೀರೆ ಬರುತ್ತೆ, ರೊಟ್ಟಿ ಹೋಗಿ ಮುದ್ದೆ ಬರುತ್ತೆ. ಊರು ಬದಲಾಯಿತು ಅಂತ ಲೆಕ್ಕ. ಊರು ಅಂದ್ರೆ ಸೀರೆಯೆ?

ತಯಾರಿಸುವವರ ಕಷ್ಟವನ್ನೂ ಹೇಳಬೇಕು. ವಾರಕ್ಕೆ ಐದಾರು ಕಂತು ಹೊರಡಬೇಕು. ಬರೆಯುವವರು, ನಟಿಸುವವರು, ಕ್ಯಾಮೆರಾದವರು ಹೆಚ್ಚಿನವರು ಇರುವುದು ಬೆಂಗಳೂರಿನಲ್ಲಿ. ಶಿರಸಿಯ ಮಾತು ಬೇರೆ, ಸೊರಬದ ಮಾತು ಬೇರೆ ಅಂತ ಕೂತು ಕಲಿಸುವ ಪುರುಸೊತ್ತು ಯಾರಿಗಿದೆ? ಬೆಂಗಳೂರಿನ ಮಾತಾದರೆ ಎಲ್ಲರಿಗೂ ಅರ್ಥವಾಗುತ್ತದೆ ಎಂಬುದು ಅವರ ಸಮಜಾಯಿಷಿ.

ಈ ಸಮಜಾಯಿಷಿ ಈಗ ನಡೆಯುವುದಿಲ್ಲ. 2020ರಲ್ಲಿ ಶುರುವಾದ 'ಗಿಣಿರಾಮ' ಧಾರಾವಾಹಿ ಉತ್ತರ ಕರ್ನಾಟಕದ ಮಾತನ್ನು ಮುಖ್ಯ ಪಾತ್ರಗಳ ಬಾಯಿಗೇ ಕೊಟ್ಟಿತು. ಸಿನಿಮಾದಲ್ಲಂತೂ ದಾರಿ ಯಾವಾಗಲೋ ತೆರೆದಿದೆ. 2016ರಲ್ಲಿ ತೆರೆಗೆ ಬಂದ 'ತಿಥಿ'ಯಲ್ಲಿ ಮಂಡ್ಯ ಸೀಮೆಯ ಹಳ್ಳಿಯವರೇ ತಮ್ಮ ಮಾತಿನಲ್ಲೇ ಆಡಿದರು. 2022ರ 'ಕಾಂತಾರ' ಕುಂದಾಪುರ ಕಡೆಯ ಮಾತಿನಲ್ಲೇ ರಾಜ್ಯವನ್ನೆಲ್ಲ ಸುತ್ತಿತು, ಆಮೇಲೆ ಬೇರೆ ಭಾಷೆಗಳಿಗೂ ಹೋಯಿತು. ಯಾರೂ ಅರ್ಥವಾಗಲಿಲ್ಲ ಅಂತ ಎದ್ದು ಹೋಗಲಿಲ್ಲ.

ಇದರಿಂದ ಯಾರಿಗೆ ನಷ್ಟ?

ಟಿ.ವಿ. ಅಂದ್ರೆ ಬರೀ ಕಾಲಹರಣ, ಅದಕ್ಯಾಕೆ ಇಷ್ಟು ಚರ್ಚೆ ಅನ್ನುವವರಿದ್ದಾರೆ. ವಿಷಯ ಅಷ್ಟು ಹಗುರವಲ್ಲ. ಮಗು ಹುಟ್ಟಿದಾಗಿನಿಂದ ನೋಡುವುದು, ಕೇಳುವುದು ಅದನ್ನೇ. ತನ್ನ ಅಜ್ಜಿ ಆಡುವ ಮಾತು ಪೆಟ್ಟಿಗೆಯಲ್ಲಿ ನಗಿಸುವುದಕ್ಕೆ ಮಾತ್ರ ಬರುತ್ತೆ ಎಂದು ಅದಕ್ಕೆ ಬೇಗ ತಿಳಿಯುತ್ತೆ. ಬೆಂಗಳೂರಿಗೆ ಕೆಲಸಕ್ಕೆ ಹೋದ ಮಲೆನಾಡಿನ ಹುಡುಗ ಆರು ತಿಂಗಳಲ್ಲಿ 'ಎಂಥದಾ ಮಾರಾಯ' ಬಿಟ್ಟು 'ಏನ್ ಗುರು' ಕಲಿತು ಬರುವುದನ್ನು ಯಾವ ಬಸ್ಸಿನಲ್ಲಾದರೂ ನೋಡಬಹುದು. ಹೊಸ ಮಾತು ಕಲಿಯಲಿ, ಒಳ್ಳೆಯದೇ. ಹಳೇದನ್ನು ನಾಚಿಕೆಯಿಂದ ಬಿಡುವುದು ಬೇರೆ. ಆ ನಾಚಿಕೆ ಹುಟ್ಟಿನಿಂದ ಬಂದದ್ದಲ್ಲ, ಯಾರೋ ಕಲಿಸಿದ್ದು.

ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 35 ವರ್ಷ. ಹಿಂದಿಯ ಬಾಗಿಲಲ್ಲಿ ನಮ್ಮವರ ಮರ್ಯಾದೆ ಉಳಿಸಿ ಒಳಗೆ ಕರೆದೊಯ್ದವರು ಅವರು. ಮಾತನ್ನೂ ಒಳಗೆ ಕರೆದೊಯ್ಯುವ ಕೆಲಸ ಅವರ ನಂತರದವರಿಗೆ ಉಳಿಯಿತು. ಈಗಿನವರಿಗೆ ದೆಹಲಿಯ ಅಪ್ಪಣೆ ಬೇಕಾಗಿಲ್ಲ. ಬಾಗಿಲೂ ನಮ್ಮದೇ, ಬೀಗವೂ ನಮ್ಮದೇ.

ನೋಡುವವರೂ ಸುಮ್ಮನೆ ಕೂರಬೇಕಿಲ್ಲ. ಇವತ್ತು ರಾತ್ರಿ ಟಿ.ವಿ. ಹಾಕಿದಾಗ ಅಂಗಡಿ ಲೆಕ್ಕದ ಹಾಗೆ ಒಂದು ಲೆಕ್ಕ ಹಿಡಿಯಿರಿ. ನಮ್ಮ ಕಡೆಯ ಮಾತು ಯಾರ ಬಾಯಲ್ಲಿ ಬಂತು? ಅವನ ಕೈಯಲ್ಲಿ ಪೊರಕೆ ಇತ್ತೋ, ಪೆನ್ನಿತ್ತೋ? ಅವನು ಮಾತಾಡಿದಾಗ ಮನೆಯವರೆಲ್ಲ ನಕ್ಕರೋ, ಕಿವಿಗೊಟ್ಟರೋ? ಒಂದು ವಾರ ಬರೆದಿಟ್ಟು ಕೂಡಿಸಿ ನೋಡಿ. ಆಗುಂಬೆಯ ಸೂರ್ಯಾಸ್ತವನ್ನು ಯಾವ ಕ್ಯಾಮೆರಾ ಬೇಕಾದರೂ ಹೊತ್ತುಕೊಂಡು ಹೋಗಲಿ, ಅದು ಖರ್ಚಾಗುವ ಸರಕಲ್ಲ. ಮಾತು ಹಾಗಲ್ಲ. ಆಡುವವರು ನಾಚಿಕೊಂಡು ನಿಲ್ಲಿಸಿದರೆ ಅದು ಅಲ್ಲಿಗೆ ಮುಗಿಯಿತು.