ಸೇರಿದ್ದಕ್ಕೇ ಬೋನಸ್ಸು! ಲೆಕ್ಕ ಹಾಕಿದಿರಾ ಸ್ವಾಮಿ?

ಶಿವಮೊಗ್ಗ: ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಆದ ಮೇಲೆ ವಿಮಾನದ ಮಾತು ಗಾಂಧಿ ಬಜಾರಿನ ಗಲ್ಲಾಪೆಟ್ಟಿಗೆವರೆಗೂ ಬಂದಿದೆ. ‘ಈ ಟ್ರಾವೆಲ್ ಕ್ರೆಡಿಟ್ ಕಾರ್ಡ್ ತಗೊಳ್ಳಿ ಸಾರ್, ಸೇರಿದ್ದಕ್ಕೇ ಐದು ಸಾವಿರ ಪಾಯಿಂಟು!’ ಬಿಟ್ಟಿ ಅಂದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವವರೇ ಹೆಚ್ಚು. ಆದರೆ ಪಾಯಿಂಟು ಬೇರೆ, ರೂಪಾಯಿ ಬೇರೆ.

ಒಂದು ಉದಾಹರಣೆ ನೋಡೋಣ. ಸೇರುವ ಶುಲ್ಕ 3,000 ರೂ. ಅದಕ್ಕೆ ಶೇ. 18 ಜಿಎಸ್‌ಟಿ 540. ಒಟ್ಟು 3,540 ರೂ. ಮೊದಲೇ ಕೈಬಿಟ್ಟಿತು. ಬೋನಸ್ಸು 5,000 ಪಾಯಿಂಟು. ವಿಮಾನದ ಟಿಕೆಟ್ಟಿಗೆ ಪಾಯಿಂಟಿಗೊಂದು ರೂಪಾಯಿ ಸಿಕ್ಕರೆ 1,460 ರೂ. ಲಾಭ. ವಿಮಾನ ಹತ್ತದೆ, ಪಾಯಿಂಟಿಗೆ 25 ಪೈಸೆಯಂತೆ ಮಿಕ್ಸರ್ರೋ ಕುಕ್ಕರ್ರೋ ತಗೊಂಡರೆ? ಬಂದದ್ದು 1,250. ನಷ್ಟ 2,290!

ಅಸಲಿ ಗಂಟು ಇನ್ನೊಂದಿದೆ. ಬೋನಸ್ಸು ಬರಬೇಕಾದರೆ 90 ದಿನದಲ್ಲಿ ಒಂದು ಲಕ್ಷ ಖರ್ಚು ಮಾಡಿ ಅನ್ನುವ ಷರತ್ತು. ಪೆಟ್ರೋಲು, ಬಾಡಿಗೆ ಎಷ್ಟೋ ಕಾರ್ಡುಗಳಲ್ಲಿ ಈ ಲೆಕ್ಕಕ್ಕೇ ಬರೋಲ್ಲ. ತಿಂಗಳಿಗೆ 20 ಸಾವಿರದ ಮನೆ ಖರ್ಚಿನವನಿಗೆ ಮೂರು ತಿಂಗಳಲ್ಲಿ ಆಗುವುದು 60 ಸಾವಿರ. ಮಿಕ್ಕ 40 ಸಾವಿರಕ್ಕೆ ಬೇಡದ ಸಾಮಾನು ಕೊಂಡು, ಆ ಬಾಕಿ ಒಂದು ತಿಂಗಳು ಉಳಿಸಿಕೊಂಡ ಅನ್ನಿ. ತಿಂಗಳಿಗೆ ಶೇ. 3.5ರಂತೆ ಬಡ್ಡಿ 1,400, ಅದರ ಮೇಲೂ ಜಿಎಸ್‌ಟಿ 252. ಒಟ್ಟು 1,652. ವಿಮಾನದ ಲಾಭವೆಲ್ಲ ಒಂದೇ ತಿಂಗಳಲ್ಲಿ ಸ್ವಾಹಾ, ಮೇಲೆ 192 ರೂ. ಕೈಯಿಂದ! ‘ಕನಿಷ್ಠ ಮೊತ್ತ ಕಟ್ಟಿದರೆ ಸಾಕು’ ಎಂಬ ಸಾಲು ನೆಚ್ಚಿದವನು ಕೆಟ್ಟ. ಬಾಕಿ ಉಳಿದರೆ ಹೊಸ ಖರೀದಿಗೂ ಆ ದಿನದಿಂದಲೇ ಬಡ್ಡಿ ಓಡುತ್ತದೆ.

ಹಾಗಾದರೆ ಯಾರಿಗೆ ಲಾಭ? ಮಗಳ ಮದುವೆಗೋ, ಅಂಗಡಿಯ ಫ್ರಿಜ್ಜಿಗೋ ಹಣ ಬ್ಯಾಂಕಿನಲ್ಲಿ ಆಗಲೇ ಇಟ್ಟುಕೊಂಡು, ಬಿಲ್ಲು ಪೂರ್ತಿ ಕಟ್ಟಿ, ಹೇಗೂ ವಿಮಾನ ಹತ್ತುವವನಿಗೆ. ಆದರೆ ಕಾರ್ಡಿಗೆ ಅಂಗಡಿಯವನು ಶೇ. 2 ಜಾಸ್ತಿ ಕೇಳಿದರೆ ಲಕ್ಷಕ್ಕೆ ಎರಡು ಸಾವಿರ ಅಲ್ಲೇ ಹೋಯಿತು. ದಿನಾ ಭದ್ರಾವತಿ ಬಸ್ಸಿನಲ್ಲಿ ನಿಂತು ಹೋಗುವವನಿಗೆ ವಿಮಾನದ ಪಾಯಿಂಟು ಕಟ್ಟಿಕೊಂಡು ಆಗಬೇಕಾದ್ದೇನು?

ಎರಡನೇ ವರ್ಷದ ಶುಲ್ಕವನ್ನೂ ಸಹಿಗೆ ಮೊದಲೇ ಕೇಳಿ. ಬೇಡವಾದರೆ ಪಾಯಿಂಟು ಬಳಸಿ, ಬಾಕಿ ತೀರಿಸಿ, ಮುಚ್ಚಲು ಅರ್ಜಿ ಕೊಡಿ. ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಪ್ಪಿದರೆ ದಿನಕ್ಕೆ 500 ರೂ. ದಂಡ ಗ್ರಾಹಕನಿಗೆ. ಕೇಳದೆ ಕಾರ್ಡು ಕಳಿಸುವುದಕ್ಕೂ ಅದೇ ನಿರ್ದೇಶನದಲ್ಲಿ ನಿಷೇಧವಿದೆ.

ಖರ್ಚು ಮೊದಲೇ ಇದ್ದರೆ ಬೋನಸ್ಸು ಲಾಭ. ಬೋನಸ್ಸಿಗಾಗಿ ಖರ್ಚು ಹುಟ್ಟಿದರೆ ಲಾಭ ಬ್ಯಾಂಕಿನದು.