ಅಂಗೈಗೆ ಬಂದ ಕಿರುತೆರೆ

ಧಾರಾವಾಹಿಯ ಹೊತ್ತನ್ನು ವಾಹಿನಿಯೇ ಗೊತ್ತುಮಾಡಿ, ಮನೆಯ ಅಡುಗೆ, ಊಟಗಳು ಅದಕ್ಕೆ ಹೊಂದಿಕೊಳ್ಳುತ್ತಿದ್ದ ಕಟ್ಟು, 2016ರ ಸೆಪ್ಟೆಂಬರಿನಲ್ಲಿ ಬಂದ ಜಿಯೋ 4ಜಿ ಸೇವೆಯಿಂದ ಡೇಟಾದ ಬೆಲೆ ಕುಸಿದು, ಬೇಕೆಂದಾಗ ಮೊಬೈಲಿನಲ್ಲೇ ನೋಡುವುದು ಸುಲಭವಾದ ಮೇಲೆ ಬೇಗನೆ ಸಡಿಲವಾಯಿತು. ಕೇಬಲ್ಲು, ಡಿಶ್‌ಗಳ ಹಂಗಿಲ್ಲದೆ ಅಂತರಜಾಲದ ಮೂಲಕ ನೋಡುಗರಿಗೆ ಕಾರ್ಯಕ್ರಮ ತಲುಪಿಸುವ ವ್ಯವಸ್ಥೆಗೆ ಒಟಿಟಿ ಎಂದು ಹೆಸರು. ಇದು ದೃಶ್ಯವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕಳುಹಿಸುತ್ತ, ಸಿಗ್ನಲ್ ಕುಂದಿದಾಗ ಸ್ಪಷ್ಟತೆಯನ್ನು ತಗ್ಗಿಸಿ ಓಟವನ್ನು ಉಳಿಸಿಕೊಳ್ಳುವುದರಿಂದಲೇ, ಬಸ್ಸಿನಲ್ಲಿ ಕುಳಿತವರ ಮೊಬೈಲಿನಲ್ಲಿ ನಾಯಕಿಯ ಮುಖ ಕ್ಷಣಕಾಲ ಮಸುಕಾಗಿ ಮತ್ತೆ ತಿಳಿಯಾಗುತ್ತದೆ. ಆದರೆ ಹೀಗೆ ಒಬ್ಬೊಬ್ಬರೂ ತಮ್ಮ ಮೊಬೈಲಿನಲ್ಲೇ ನೋಡತೊಡಗಿದ ಮೇಲೆ, ಅತ್ತೆ, ಸೊಸೆ, ಮೊಮ್ಮಕ್ಕಳು ಒಟ್ಟಿಗೆ ಕುಳಿತು ಕಥೆಯ ಸರಿತಪ್ಪುಗಳನ್ನು ವಾದಿಸುತ್ತಿದ್ದ ರೂಢಿ ಸೊರಗುತ್ತಿರುವುದು ನಿಜವಾದ ನಷ್ಟ. ಕನ್ನಡದ ಪಾಲಿಗೆ ಅದಕ್ಕಿಂತ ದೊಡ್ಡ ಕೊರತೆಯೆಂದರೆ ಒಟಿಟಿಗೆಂದೇ ತಯಾರಾದ ಮೂಲ ಸರಣಿಗಳ ವಿರಳತೆ: 2018ರಲ್ಲಿ ಆರಂಭವಾದ ಒಟಿಟಿ ವೇದಿಕೆ ಝೀ5ರಲ್ಲಿ ಕನ್ನಡದ ಮೊದಲ ಮೂಲ ವೆಬ್ ಸರಣಿ ‘ಅಯ್ಯನ ಮನೆ’ ಬಂದದ್ದು 2025ರಲ್ಲಿ.