ಟ್ರ್ಯಾಕ್ಟರಿನ ಫೈಬರ್‌ಗ್ಲಾಸ್ ಮೇಲ್ಛಾವಣಿಯ ಹೊಳಪು
ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಕಬ್ಬಿನ ಬಯಲಿನಲ್ಲಿ ದುಡಿಯುವ ಟ್ರ್ಯಾಕ್ಟರುಗಳ ಫೈಬರ್‌ಗ್ಲಾಸ್ ಮೇಲ್ಛಾವಣಿಯು ಸದಾ ಬಿಸಿಲಿನಲ್ಲಿದ್ದರೆ ಮಂಕಾಗುವುದುಂಟು. ಸೂರ್ಯನ ಅತಿನೇರಳೆ ಕಿರಣಗಳು ಜೆಲ್‌ಕೋಟ್ ಎಂಬ ಮೇಲಣ ರಾಳದ ಪದರವನ್ನು ಕೆಡಿಸುವುದೇ ಇದಕ್ಕೆ ಕಾರಣ. ಬೆರಳಾಡಿಸಿದರೆ ಸುಣ್ಣದಂತಹ ಪುಡಿ ಅಂಟುವುದು. ಈ ಪದರದ ದಪ್ಪ ಸಾಮಾನ್ಯವಾಗಿ ಸುಮಾರು 0.5 ಮಿಲಿಮೀಟರ್ ಮಾತ್ರ. ಆದುದರಿಂದ ಆಳುಗಳು ಪಾತ್ರೆ ಬೆಳಗುವಂತೆ ಬೂದಿ, ಮರಳುಗಳಿಂದ ತಿಕ್ಕುವುದನ್ನು ಯಜಮಾನರು ತಡೆಯತಕ್ಕದ್ದು. ವಿಶ್ವೇಶ್ವರಯ್ಯ ನಾಲೆಯ ಬಗ್ಗಡದ ನೀರೂ ಗೀರುಂಟುಮಾಡುವುದು. ಟ್ರ್ಯಾಕ್ಟರನ್ನು ನೆರಳಿನಲ್ಲಿ ನಿಲ್ಲಿಸಿ, ತಿಳಿನೀರು ಮತ್ತು ಸೌಮ್ಯವಾದ ಸಾಬೂನಿನಿಂದ ತೊಳೆದು ಒಣಗಿಸಬೇಕು. ಬಳಿಕ ಮೋಟಾರು ವಾಹನಗಳಿಗೆ ಬಳಸುವ ರಬ್ಬಿಂಗ್ ಕಾಂಪೌಂಡನ್ನು ಮೆತ್ತನೆಯ ಬಟ್ಟೆಯಿಂದ ಹಗುರವಾಗಿ ಉಜ್ಜಿ, ಹೊಳಪು ಬಂದೊಡನೆ ನಿಲ್ಲಿಸಿ, ಮೇಣದ ಪಾಲಿಷ್ ಹಚ್ಚತಕ್ಕದ್ದು. ಮೇಣವಿಲ್ಲದಿದ್ದರೆ ಮಂಕು ಬೇಗನೆ ಮರಳುವುದು. ಗಾಜಿನ ನಾರುಗಳೇ ಹೊರಗೆ ಕಂಡಲ್ಲಿ ಉಜ್ಜುವುದು ವ್ಯರ್ಥ; ಅಲ್ಲಿ ಹೊಸ ಜೆಲ್‌ಕೋಟ್ ಹಾಕಿಸಬೇಕು. ಆ ನಾರು ಚರ್ಮಕ್ಕೆ ಚುಚ್ಚುವುದರಿಂದ ಬರಿಗೈಯಲ್ಲಿ ಮುಟ್ಟಕೂಡದು.